ಪಾಠಶಾಲೆಗೆ ಬಂದ ಭೂಮಂಡಲ

ಭೂಗೋಳವೆಂಬ ಪಾಠವು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಬಾಯಿಪಾಠದ ವಿಷಯವಾಗಿಯೇ ನಡೆದುಬಂದಿರುವುದೆಂಬುದನ್ನು ನಮ್ಮ ವಾಚಕರಲ್ಲಿ ಯಾರೂ ಅಲ್ಲಗಳೆಯಲಾರರು. ನದಿಗಳ ಹೆಸರು, ರಾಜಧಾನಿಗಳ ಹೆಸರು, ಬೆಳೆಗಳ ಹೆಸರು, ಇವನ್ನು ಒಪ್ಪಿಸಿದವನು ಜಾಣ, ಒಪ್ಪಿಸಲಾರದವನು ದಡ್ಡ. ನಾವು ಓದಿದ ಪಾಠಶಾಲೆಯಲ್ಲಿ ಗೋಡೆಗೆ ತೂಗಹಾಕಿದ ಬಟ್ಟೆಯ ನಕಾಶೆಯೊಂದಿತ್ತು. ಇನ್‌ಸ್ಪೆಕ್ಟರರು ಬರುವರೆಂಬ ವರ್ತಮಾನ ಬಂದಾಗಲೆಲ್ಲ ಅದನ್ನು ಬಿಚ್ಚಿ, ಉಡುಪಿ ಎಲ್ಲಿದೆಯೆಂಬುದನ್ನು ನಮಗೆ ಅಭ್ಯಾಸ ಮಾಡಿಸುತ್ತಿದ್ದರು. ತಲೆತಲಾಂತರದ ಹುಡುಗರು ಬೆತ್ತದ ತುದಿಯಿಂದ ತೋರಿಸಿ ತೋರಿಸಿ, ಉಡುಪಿಯಿದ್ದ ಜಾಗದಲ್ಲಿ ಬಟ್ಟೆ ಸವೆದು ತೂತು ಬಿದ್ದಿತ್ತು. ಲಂಡನ್ ನಗರವಿತ್ತು, ಟೋಕಿಯೋ ನಗರವಿತ್ತು. ನಮ್ಮ ಊರು ಮಾತ್ರ ಇರಲಿಲ್ಲ. ಆಗ ಅದು ನಮಗೆ ನಗೆಯ ಸಂಗತಿಯಾಗಿತ್ತು. ನಮ್ಮ ಭೂಗೋಳ ಶಿಕ್ಷಣದ ಮುಖ್ಯ ದೋಷವೇ ಆ ತೂತಿನಲ್ಲಿತ್ತೆಂದು ಈಗ ತೋರುತ್ತದೆ.

ಈ ಹಳೆಯ ನೆನಪು ಬರಲು ಕಾರಣವುಂಟು. ಕಾಪು ತಾಲೂಕಿನ ಕಡಲಕರೆಯ ಒಂದು ಕನ್ನಡ ಶಾಲೆಯ ಉಪಾಧ್ಯಾಯಿನಿಯವರು ತಮ್ಮ ತರಗತಿಯ ಪಾಠವನ್ನು ನೋಡಬೇಕೆಂದು ನಮ್ಮನ್ನು ಕರೆಸಿಕೊಂಡಿದ್ದರು. ಹಂಚಿನ ಮಾಡಿನ ಸಾಧಾರಣ ಕಟ್ಟಡ. ಬೆಂಚುಗಳಲ್ಲಿ ಇಪ್ಪತ್ತಕ್ಕೆ ಮೀರದ ಮಕ್ಕಳು. ಗೋಡೆಗೆ ಬಿಳಿಯ ಪಂಚೆಯನ್ನು ಕಟ್ಟಿ, ಊರಿನ ದಾನಿಗಳೊಬ್ಬರು ಕೊಟ್ಟ ಪ್ರೊಜೆಕ್ಟರಿನ ಬೆಳಕನ್ನು ಅದರ ಮೇಲೆ ಬಿಟ್ಟಿದ್ದರು. ಕಪ್ಪು ಆಕಾಶದಲ್ಲಿ ನೀಲಿಯ ಭೂಮಂಡಲವು ಮೆಲ್ಲಗೆ ತಿರುಗುತ್ತಿತ್ತು. ಅವರು ಕಾಪುವಿನ ಹೆಸರನ್ನು ಬರೆದೊಡನೆ ಆ ಗೋಳವು ನಮ್ಮೆಡೆಗೆ ಧಾವಿಸಿ ಬಂದಂತಾಗಿ, ಹಿಂದೂಸ್ಥಾನವು ಕಂಡಿತು, ಪಡುವಣ ಕರಾವಳಿ ಕಂಡಿತು, ಕಡೆಗೆ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವೂ ಅದರ ಬುಡದಲ್ಲಿ ಒಡೆಯುವ ತೆರೆಗಳ ನೊರೆಯೂ ಕಂಡವು. ಮಕ್ಕಳೆಲ್ಲ ಒಟ್ಟಿಗೆ ಕೂಗಿದ್ದು ಒಂದೇ ಮಾತು: "ನಮ್ಮ ಮನೆ ತೋರಿಸಿ ಟೀಚರ್!"

ಒಬ್ಬ ಹುಡುಗ ಮಾತ್ರ ಕೂಗಲಿಲ್ಲ. ಅವನು ಎದ್ದು ಪಂಚೆಯ ಬಳಿಗೆ ಹೋಗಿ, ಬೆರಳಿಟ್ಟು, "ಇದು ಈಗಿನದ್ದಲ್ಲ ಟೀಚರ್. ಇಲ್ಲಿ ಕಲ್ಲು ಹಾಕಿ ಆಯ್ತಲ್ಲ. ನಮ್ಮ ಅಜ್ಜ ದೋಣಿ ಇಡುವ ಜಾಗ ಈಗ ಇಲ್ಲ" ಎಂದನು. ನಿಜವೇ. ಚಿತ್ರದಲ್ಲಿ ಮರಳಿನ ದಂಡೆಯಿತ್ತು. ಹೊರಗೆ ಕಡಲಕರೆಯಲ್ಲಿ ಕಡಲ್ಕೊರೆತಕ್ಕೆಂದು ಸುರಿದ ಕಲ್ಲಿನ ತಡೆಗೋಡೆಯಿತ್ತು. ಉಪಾಧ್ಯಾಯಿನಿಯವರು ಅವನನ್ನು ಗದರಿಸಲಿಲ್ಲ. ಚಿತ್ರವನ್ನು ತೆಗೆದ ವರ್ಷವನ್ನು ತೋರಿಸಿ, ಅದಕ್ಕೂ ಹಿಂದಿನ ಚಿತ್ರಗಳನ್ನು ಒಂದೊಂದಾಗಿ ತೆರೆದರು. ದಂಡೆ ಅಗಲವಾಯಿತು, ಕಿರಿದಾಯಿತು. ಆ ದಿನ ಭೂಗೋಳದ ಪಾಠವನ್ನು ಹೇಳಿದವನು ಆ ಹುಡುಗನೇ. ಯಂತ್ರವು ಅವನಿಗೆ ಸಾಕ್ಷಿಯಾಗಿ ನಿಂತಿತು. ಈ ಸಾಧನವನ್ನು ನಮ್ಮ ಶಾಲೆಗಳಲ್ಲಿ ಹೇಗೆ ಬಳಸತಕ್ಕದ್ದು, ಏಕೆ ಬಳಸತಕ್ಕದ್ದು ಎಂಬುದನ್ನು ಕುರಿತು ನಮ್ಮ ಅಭಿಪ್ರಾಯವನ್ನು ನಿವೇದಿಸಲು ಆ ಹುಡುಗನ ಮಾತೇ ನಮಗೆ ಪ್ರೇರಣೆ.

ಸಾಧನದ ಸ್ವರೂಪ

ಮೊದಲು ಇದು ಏನೆಂಬುದನ್ನು ತಿಳಿಯೋಣ. ಅಮೇರಿಕದ ಕೀಹೋಲ್ ಎಂಬ ಸಣ್ಣ ಸಂಸ್ಥೆಯು ರಚಿಸಿದ ಭೂದರ್ಶನದ ತಂತ್ರವನ್ನು ಗೂಗಲ್ ಸಂಸ್ಥೆಯು 2004ರಲ್ಲಿ ಕೊಂಡು, 2005ರ ಜೂನ್ ತಿಂಗಳಲ್ಲಿ 'ಗೂಗಲ್ ಅರ್ಥ್' ಎಂಬ ಹೆಸರಿನಿಂದ ಲೋಕಕ್ಕೆ ಬಿಟ್ಟಿತು. ವರ್ಷಕ್ಕೆ 399 ಡಾಲರು ಬೆಲೆಯಿದ್ದ ಅದರ ಉನ್ನತ ಆವೃತ್ತಿಯೂ 2015ರಿಂದ ಉಚಿತವಾಗಿದೆ. ಭಾರತದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ವಿಕ್ರಮ ಸಾರಾಭಾಯಿಯವರ ಜನ್ಮದಿನವಾದ ಆಗಸ್ಟ್ 12ರಂದು, 2009ನೆಯ ಇಸವಿಯಲ್ಲಿ, 'ಭುವನ್' ಎಂಬ ನಮ್ಮದೇ ಭೂದರ್ಶನವನ್ನು ಹೊರತಂದಿತು. ಶಾಲಾ ಮಕ್ಕಳಿಗಾಗಿ ಎನ್.ಸಿ.ಇ.ಆರ್.ಟಿ.ಯೊಡನೆ ಸೇರಿ ಸಿದ್ಧಪಡಿಸಿದ ವಿಭಾಗವೂ ಅದರಲ್ಲುಂಟು. ಇವುಗಳಲ್ಲದೆ, ಜನರೇ ಸೇರಿ ಬರೆಯುವ 'ಓಪನ್ ಸ್ಟ್ರೀಟ್ ಮ್ಯಾಪ್' ಎಂಬ ನಕಾಶೆಯು 2004ರಿಂದ ನಡೆದುಬಂದಿದೆ. ಅದರಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿಯೂ ಬರೆಯಲು ಯಾರಿಗಾದರೂ ಸ್ವಾತಂತ್ರ್ಯವುಂಟು.

ಇವು ಆಕಾಶದಿಂದ ಕ್ಷಣಕ್ಷಣಕ್ಕೂ ನಮ್ಮನ್ನು ನೋಡುತ್ತಿರುವ ಕಣ್ಣುಗಳೆಂದು ಅನೇಕರು ಭ್ರಮಿಸಿದ್ದಾರೆ. ಹಾಗಲ್ಲ. ಬೇರೆ ಬೇರೆ ವರ್ಷಗಳಲ್ಲಿ ಉಪಗ್ರಹಗಳೂ ವಿಮಾನಗಳೂ ತೆಗೆದ ಚಿತ್ರಗಳನ್ನು ಚೌಕಗಳಾಗಿ ಕತ್ತರಿಸಿ, ಬೆಟ್ಟಗುಡ್ಡಗಳ ಎತ್ತರದ ಲೆಕ್ಕದ ಮೇಲೆ ಹೊದೆಸಿರುವ ಹೊದಿಕೆ ಇದು. ಆ ಎತ್ತರದ ಲೆಕ್ಕದ ಬಹುಭಾಗವು 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ವ್ಯೋಮನೌಕೆಯು ಹನ್ನೊಂದು ದಿನಗಳಲ್ಲಿ ರೇಡಾರಿನಿಂದ ಅಳೆದು ತಂದದ್ದು. ನೋಡುವವನು ಎಷ್ಟು ಹತ್ತಿರಕ್ಕೆ ಹೋಗುವನೋ ಅಷ್ಟು ಸೂಕ್ಷ್ಮವಾದ ಚೌಕಗಳನ್ನು ಮಾತ್ರ ಗಣಕಯಂತ್ರವು ತರಿಸಿಕೊಳ್ಳುತ್ತದೆ. ಆದುದರಿಂದಲೇ ಸಾಮಾನ್ಯವಾದ ಕಂಪ್ಯೂಟರಿನಲ್ಲಿಯೂ, ಕೈಯಲ್ಲಿರುವ ಮೊಬೈಲಿನಲ್ಲಿಯೂ ಇಡೀ ಭೂಮಂಡಲವು ಅಡಗಿದಂತೆ ತೋರುವುದು. ದೂರವನ್ನು ಅಳೆಯಲು, ಗುರುತು ಹಾಕಲು, ಒಂದು ಗೆರೆಯ ಉದ್ದಕ್ಕೂ ನೆಲದ ಏರಿಳಿತವನ್ನು ಕಾಣಲು, ಹಳೆಯ ಚಿತ್ರಗಳನ್ನು ತೆರೆಯಲು ಇದರಲ್ಲಿ ಅನುಕೂಲಗಳುಂಟು. ಶಾಲೆಗೆ ಬೇಕಾದುದು ಇವೇ ನಾಲ್ಕು.

ಅದಮಾರಿನ ಹುಡುಗ

ಇದೆಲ್ಲವೂ ಪರದೇಶದ ವಿದ್ಯೆ, ನಮಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ನಾವು ಕಾಪು ತಾಲೂಕಿನ ಅದಮಾರು ಗ್ರಾಮವನ್ನು ತೋರಿಸುತ್ತೇವೆ. 1932ರ ಮಾರ್ಚ್ 10ರಂದು ಅಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲಿಯೇ ಅಕ್ಷರ ಕಲಿತು, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಉಡುಪಿ ರಾಮಚಂದ್ರ ರಾಯರು ಮುಂದೆ ಸಾರಾಭಾಯಿಯವರ ಶಿಷ್ಯರಾದರು. 1975ರಲ್ಲಿ ಆಕಾಶಕ್ಕೇರಿದ 'ಆರ್ಯಭಟ'ವು ಅವರ ನೇತೃತ್ವದಲ್ಲಿ ನಿರ್ಮಾಣವಾದುದು. 1984ರಿಂದ 1994ರವರೆಗೆ ಅವರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಆ ಅವಧಿಯಲ್ಲಿ, 1988ರ ಮಾರ್ಚ್ 17ರಂದು, ಭಾರತದ ಮೊದಲನೆಯ ದೂರಸಂವೇದಿ ಉಪಗ್ರಹವಾದ ಐ.ಆರ್.ಎಸ್.-1ಎ ರಷ್ಯದ ರಾಕೆಟ್ಟಿನ ಮೇಲೆ ಬೈಕನೂರಿನಿಂದ ಹಾರಿತು. ಸುಮಾರು 900 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, 22 ದಿನಗಳಿಗೊಮ್ಮೆ ಅದೇ ನೆಲವನ್ನು ಮತ್ತೆ ನೋಡುತ್ತಿದ್ದ ಆ ಉಪಗ್ರಹದ ಕಣ್ಣಿಗೆ 36 ಮೀಟರಿಗಿಂತ ಸಣ್ಣ ವಸ್ತು ಬೇರೆಯಾಗಿ ಕಾಣುತ್ತಿರಲಿಲ್ಲ. 2005ರ ಕಾರ್ಟೋಸ್ಯಾಟ್-1ಕ್ಕೆ ಎರಡೂವರೆ ಮೀಟರಿನ ವಸ್ತು ಕಂಡಿತು; 2019ರ ಕಾರ್ಟೋಸ್ಯಾಟ್-3ಕ್ಕೆ ಕಾಲು ಮೀಟರಿನದು ಕಂಡಿತು. ರಾಯರು 2017ರ ಜುಲೈಯಲ್ಲಿ ದಿವಂಗತರಾದರು.

ಅದಮಾರಿನ ಹುಡುಗನೊಬ್ಬನು ದೇಶಕ್ಕೆ ಕಣ್ಣು ಕೊಟ್ಟನು. ಆ ಕಣ್ಣು ಕಂಡುದನ್ನು ಅದಮಾರಿನ ನೆರೆಹೊರೆಯ ಹುಡುಗರು ಕಾಣಲಾರದೆ ಹೋದರೆ ಅದು ನಮ್ಮ ನಾಚಿಕೆಯ ವಿಷಯವಲ್ಲವೇ?

ನಮ್ಮ ನೆಲವೇ ಪಠ್ಯಪುಸ್ತಕ

ಈ ಸಾಧನವನ್ನು ಹಿಡಿದ ಕೂಡಲೇ ಪ್ಯಾರಿಸಿನ ಗೋಪುರವನ್ನೋ ಈಜಿಪ್ಟಿನ ಪಿರಮಿಡ್ಡುಗಳನ್ನೋ ತೋರಿಸಿ ಮಕ್ಕಳನ್ನು ಬೆರಗುಗೊಳಿಸುವುದು ಸುಲಭ. ಬೆರಗು ಒಂದು ಗಳಿಗೆಯದು. ನಮ್ಮ ಅಭಿಪ್ರಾಯದಲ್ಲಿ ಪಾಠವು ಮನೆಯ ಅಂಗಳದಿಂದ ಮೊದಲಾಗಬೇಕು. ಅದಕ್ಕೆ ನಮ್ಮ ಜಿಲ್ಲೆಯಷ್ಟು ಸಮೃದ್ಧವಾದ ನೆಲ ಬೇರೆಲ್ಲಿ ಸಿಕ್ಕೀತು?

ಕಾಪುವಿನ ಕಡಲಕರೆಯಿಂದ ಕಾರ್ಕಳದ ಮೇಲೆ ಹಾಯ್ದು ಕುದುರೆಮುಖದ ಶಿಖರದವರೆಗೆ ಒಂದು ಗೆರೆಯನ್ನು ಎಳೆಯಿರಿ. ಗೆರೆಯ ಉದ್ದ 60 ಕಿಲೋಮೀಟರಿಗೆ ಮೀರದು. ಅದರ ಏರಿಳಿತವನ್ನು ತೋರಿಸೆಂದು ಕೇಳಿದರೆ, ಪಡುವಣ ತುದಿಯಲ್ಲಿ ಕಡಲಮಟ್ಟದ ಮರಳು, ಆಮೇಲೆ ಮುರಕಲ್ಲಿನ ಪದವುಗಳು, ಅವುಗಳ ನಡುವೆ ಬೈಲುಗಳ ಗದ್ದೆ, ಕಾರ್ಕಳದ ಸುತ್ತ ಬೋಳು ಕರಿಬಂಡೆಗಳು, ಕಟ್ಟಕಡೆಗೆ ಗೋಡೆಯಂತೆ ಏಳುವ ಘಟ್ಟ, ಹೀಗೆ ಸೊನ್ನೆಯಿಂದ ಸುಮಾರು 1,890 ಮೀಟರಿನವರೆಗೆ ನೆಲವು ಏರುವುದನ್ನು ಮಗುವು ಒಂದೇ ನೋಟದಲ್ಲಿ ಕಾಣುವುದು. ಕಡಲಿನಿಂದ ಬಂದ ಮೋಡವು ಈ ಗೋಡೆಗೆ ಏಕೆ ಬಡಿಯುತ್ತದೆ, ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೆ ಮಿಕ್ಕಿ, ಆಗುಂಬೆಯಲ್ಲಿ 7,000ಕ್ಕೆ ಮಿಕ್ಕಿ ಮಳೆ ಏಕೆ ಸುರಿಯುತ್ತದೆ, ಘಟ್ಟದಾಚೆ ಏಕೆ ಕಡಿಮೆಯಾಗುತ್ತದೆ ಎಂಬುದನ್ನು ಆ ಬಳಿಕ ಬಾಯಿಪಾಠ ಮಾಡಿಸಬೇಕಾಗಿಲ್ಲ. ಅದೇ ಗೆರೆಯ ಮೇಲೆ, ಬೋಳುಬಂಡೆಯ ನೆತ್ತಿಯಲ್ಲಿ, 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟನನ್ನೂ ಎದುರಿಗೆ 1586ರ ಚತುರ್ಮುಖ ಬಸದಿಯನ್ನೂ ತೋರಿಸಿ, ಇಂಥ ಏಕಶಿಲೆಯು ಕಾಪುವಿನ ಮರಳಿನಲ್ಲಿ ಏಕೆ ದೊರೆಯದು, ಕಾರ್ಕಳದಲ್ಲಿ ಏಕೆ ದೊರೆಯುತ್ತದೆ ಎಂದು ಕೇಳಿದರೆ, ಚರಿತ್ರೆ ಭೂಗೋಳಗಳೆರಡೂ ಒಂದೇ ಪಾಠವಾಗುವವು.

ಮಲ್ಪೆಯಿಂದ ಆರೇಳು ಕಿಲೋಮೀಟರು ಕಡಲೊಳಗಿರುವ ಸೈಂಟ್ ಮೇರೀಸ್ ದ್ವೀಪಗಳನ್ನು ನೋಡದ ಮಕ್ಕಳು ನಮ್ಮಲ್ಲಿ ವಿರಳ. ಆದರೆ ಕಂಬ ಕಂಬವಾಗಿ ಒಡೆದು ನಿಂತ ಆ ಕಲ್ಲು ಹೇಗಾಯಿತೆಂದು ಹೇಳಬಲ್ಲ ಮಕ್ಕಳೆಷ್ಟು? ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವೂ ನಮ್ಮ ಕರಾವಳಿಯೂ ಒಂದನ್ನೊಂದು ಅಗಲಿದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗಿ ಆದ ಕಲ್ಲದು. ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಗೋಳವನ್ನು ತಿರುಗಿಸಿ, ಸುಮಾರು ನಾಲ್ಕು ಸಾವಿರ ಕಿಲೋಮೀಟರು ತೆಂಕುಪಡುವಣಕ್ಕೆ ಮಡಗಾಸ್ಕರದ ನೆಟ್ಟಗಿನ ಮೂಡುದಂಡೆಯನ್ನು ತೋರಿಸಿ, ಅದನ್ನು ನಮ್ಮ ಪಡುದಂಡೆಗೆ ಹೊಂದಿಸಿ ನೋಡಿರೆಂದರೆ, ಭೂಖಂಡಗಳ ಚಲನೆಯು ಪುಸ್ತಕದ ಮಾತಾಗಿ ಉಳಿಯದು. ಚಪ್ಪಟೆಯ ಹಳೆಯ ನಕಾಶೆಗಳಲ್ಲಿ ಆಫ್ರಿಕದಷ್ಟೇ ದೊಡ್ಡದಾಗಿ ತೋರುವ ಗ್ರೀನ್‌ಲ್ಯಾಂಡಿಗಿಂತ ಆಫ್ರಿಕವು ಹದಿನಾಲ್ಕು ಪಟ್ಟು ದೊಡ್ಡದೆಂಬ ಸತ್ಯವೂ ಗೋಳದ ಮೇಲೆ ತಾನಾಗಿ ತಿಳಿಯುತ್ತದೆ.

ರೇಖಾಂಶವೆಂಬುದು ಮಕ್ಕಳಿಗೆ ಬರಿಯ ಸಂಖ್ಯೆ. ದೇಶದ ಗಡಿಯಾರವು 82½ ಡಿಗ್ರಿಯ ರೇಖೆಯದು. ಉಡುಪಿಯು ಸುಮಾರು 74¾ ಡಿಗ್ರಿಯ ಮೇಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಬಾರದೆ ಸುಮಾರು ಹನ್ನೆರಡೂವರೆಗೆ ಬರುವುದು. ಅಂಗಳದಲ್ಲಿ ಕೋಲು ನೆಟ್ಟು ನೆರಳನ್ನು ಅಳೆದರೆ, ವರ್ಷದ ದಿನಮಾನಕ್ಕೆ ತಕ್ಕಂತೆ ಕೆಲವು ನಿಮಿಷಗಳ ವ್ಯತ್ಯಾಸದೊಡನೆ, ಅದು ಸಿದ್ಧವಾಗುತ್ತದೆ. ಏಪ್ರಿಲ್ 25ರ ಆಸುಪಾಸಿನಲ್ಲಿ ಸೂರ್ಯನು ನೆತ್ತಿಯ ಮೇಲೆಯೇ ಬಂದು ಕೋಲಿನ ನೆರಳು ಇಲ್ಲವಾಗುವುದು. ಆಗಸ್ಟಿನ ನಡುವೆ ಇನ್ನೊಮ್ಮೆ ಹಾಗಾದರೂ ಮೋಡವು ಅದನ್ನು ಕಾಣಗೊಡುವುದು ಅಪರೂಪ. ಯಂತ್ರದ ಪಾಠಕ್ಕೆ ಕೋಲಿನ ಪಾಠವು ಜೊತೆಯಾಗಿರಲಿ ಎಂಬುದೇ ನಮ್ಮ ಆಶಯ.

ಇನ್ನು ಊರುಗಳ ಹೆಸರುಗಳನ್ನು ನೋಡಿರಿ. ಪಡುಬಿದ್ರಿ, ಮೂಡುಬಿದ್ರಿ, ತೆಂಕ ಎರ್ಮಾಳು, ಬಡಾ ಎರ್ಮಾಳು, ತೆಂಕನಿಡಿಯೂರು, ಬಡಾನಿಡಿಯೂರು. ನಮ್ಮ ಹಿರಿಯರು ದಿಕ್ಕುಗಳನ್ನು ಹೆಸರುಗಳಲ್ಲಿಯೇ ಕೆತ್ತಿಟ್ಟು ಹೋಗಿದ್ದಾರೆ. ಹೊಳೆಯ ನಡುವಿನ ನಡುಗಡ್ಡೆಗೆ ಕುದ್ರು, ಹೊಳೆಗೂ ಕಡಲಿಗೂ ನಡುವಣ ಮರಳದಿಣ್ಣೆಗೆ ಬೆಂಗ್ರೆ, ಎತ್ತರದ ಬಯಲಿಗೆ ಪದವು ಎಂದು ತುಳುನಾಡಿನ ಜನರು ಇಟ್ಟ ಹೆಸರುಗಳು ಯಾವ ಭೂಗೋಳದ ಪರಿಭಾಷೆಗೂ ಕಡಿಮೆಯಲ್ಲ. ಉದ್ಯಾವರದ ಹೊಳೆಯು ಕಡಲಿನ ಬಳಿಗೆ ಬಂದೂ ಕಡಲನ್ನು ಸೇರದೆ, ಪಡುಕೆರೆಯ ಮರಳದಿಣ್ಣೆಯ ಹಿಂದೆ ಬಡಗಣಕ್ಕೆ ಹರಿದು ಮಲ್ಪೆಯಲ್ಲಿ ಸೇರುವುದೂ, ಸುವರ್ಣೆ ಸೀತೆಗಳು ಕೋಡಿಬೆಂಗ್ರೆಯ ಬಳಿ ಒಂದಾಗಿ ಕಡಲಿಗೆ ಬೀಳುವುದೂ ಮೇಲಿನಿಂದ ನೋಡಿದಾಗ ಅಂಗೈಯ ಗೆರೆಗಳಂತೆ ಸ್ಪಷ್ಟ. ಬೆಂಗ್ರೆ ಎಂದರೇನೆಂದು ಬಲ್ಲ ಮೊಗವೀರರ ಮಗುವಿಗೆ ಅದೇ ವಸ್ತುವನ್ನು ಅರಿಯದ ಭಾಷೆಯ ಹೆಸರಿನಿಂದ ಕಲಿಸಿ, ಹೆಸರು ಬಾರದಿದ್ದರೆ ದಡ್ಡನೆಂದು ಕೂರಿಸುವುದು ಯಾವ ನ್ಯಾಯ?

ನಕಾಶೆ ಯಾರ ಕೈಯಲ್ಲಿ?

ನಕಾಶೆಯು ಎಂದೂ ಬರಿಯ ಚಿತ್ರವಾಗಿರಲಿಲ್ಲ. 1767ರಲ್ಲಿ ಸ್ಥಾಪನೆಯಾದ ಸರ್ವೇ ಆಫ್ ಇಂಡಿಯಾ ಇಲಾಖೆಯು ಕಂಪನಿ ಸರಕಾರದ ಸೈನ್ಯಕ್ಕೂ ಕಂದಾಯಕ್ಕೂ ಬೇಕಾದುದನ್ನು ಅಳೆಯಲು ಹುಟ್ಟಿದುದು. ಟಿಪ್ಪುವಿನ ಪತನವಾದ ಮೂರು ವರ್ಷಗಳಲ್ಲಿ, 1802ರ ಏಪ್ರಿಲಿನಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಮದರಾಸಿನ ಬಳಿ ಸರಪಣಿಯನ್ನು ನೆಲಕ್ಕೆ ಹಾಸಿ, ತ್ರಿಕೋನಗಳನ್ನು ಜೋಡಿಸುತ್ತ ಜೋಡಿಸುತ್ತ ನಮ್ಮ ಮಂಗಳೂರಿನ ಕರಾವಳಿಯವರೆಗೆ ಬಂದನು. ಅದುವರೆಗೆ 400 ಮೈಲಿಯೆಂದು ನಂಬಿದ್ದ ಪರ್ಯಾಯದ್ವೀಪದ ಅಗಲವು 360 ಮೈಲಿಯೇ ಎಂದು ಆಗ ತಿಳಿದುಬಂತು. ಕಂಪನಿಯವರು ನಕಾಶೆಯಲ್ಲಿ ನಲವತ್ತು ಮೈಲಿ ನೆಲವನ್ನು ಕಳೆದುಕೊಂಡರು. ನಕಾಶೆಯಿಂದ ದೇಶವನ್ನು ಹಿಡಿದುಕೊಂಡರು. ನೆಲವನ್ನು ಅಳೆದವನೇ ನೆಲವನ್ನು ಆಳುವನೆಂಬ ಪಾಠವನ್ನು ನಮ್ಮವರು ಕಲಿಯಲು ಬಹುಕಾಲ ಹಿಡಿಯಿತು.

ಸ್ವರಾಜ್ಯ ಬಂದ ಮೇಲೆಯೂ ಈ ವಿಷಯದಲ್ಲಿ ನಮ್ಮ ಸರಕಾರಗಳು ಹಳೆಯ ದೊರೆಗಳ ಅಂಜಿಕೆಯನ್ನೇ ಮುಂದುವರಿಸಿದವೆಂಬುದು ವಿಷಾದದ ಸಂಗತಿ. ಕಡಲತೀರದಿಂದ ಸುಮಾರು 80 ಕಿಲೋಮೀಟರಿನೊಳಗಿನ ವಿವರವಾದ ನಕಾಶೆಗಳು ನಿರ್ಬಂಧಿತವಾಗಿದ್ದವು. ನಮ್ಮ ಜಿಲ್ಲೆಯೆಲ್ಲವೂ ಅದರೊಳಗೇ ಬರುವುದು. ಉಡುಪಿಯ ಉಪಾಧ್ಯಾಯನು ಉಡುಪಿಯ ನಕಾಶೆಯನ್ನು ಶಾಲೆಯ ಗೋಡೆಗೆ ಹಾಕಲಾರದೆ ಇದ್ದ ಕಾಲದಲ್ಲಿ, ಪರದೇಶದ ಒಂದು ವ್ಯಾಪಾರಿ ಸಂಸ್ಥೆಯು ಅದೇ ಉಡುಪಿಯ ಮನೆಮನೆಯ ಮಾಡನ್ನೂ ಜಗತ್ತಿಗೆಲ್ಲ ತೋರಿಸಿತು. 2005ರ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ದೇಶದ ರಕ್ಷಣೆಯ ದೃಷ್ಟಿಯಿಂದ ಇದರ ಬಗ್ಗೆ ಆತಂಕವನ್ನು ವ್ಯಕ್ತಪಡಿಸಿದುದು ಯುಕ್ತವೇ ಆಗಿತ್ತು. ಆದರೆ ಆಕಾಶದಿಂದ ಎಲ್ಲರೂ ನೋಡಬಲ್ಲುದನ್ನು ಸ್ವಂತ ಮಕ್ಕಳಿಂದ ಮುಚ್ಚಿಟ್ಟರೆ ಯಾರಿಗೆ ರಕ್ಷಣೆ? ಸರಕಾರವೂ ಕ್ರಮೇಣ ಇದನ್ನು ಒಪ್ಪಿತು. 2005ರ ನಕಾಶೆ ನೀತಿಯಿಂದ ಸಾರ್ವಜನಿಕ ನಕಾಶೆಗಳು ಬೇರೆಯಾದವು. 2017ರಲ್ಲಿ ಸರ್ವೇ ಇಲಾಖೆಯು ತನ್ನ 250ನೆಯ ವರ್ಷದಲ್ಲಿ ಅವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಿತು. 2021ರ ಫೆಬ್ರವರಿ 15ರ ಆದೇಶದಿಂದ ಭಾರತೀಯರಿಗೆ ತಮ್ಮ ನೆಲವನ್ನು ಅಳೆದು ನಕಾಶೆ ಬರೆಯುವ ಸ್ವಾತಂತ್ರ್ಯವು ಬಹುಮಟ್ಟಿಗೆ ದೊರೆಯಿತು. ಬಾಗಿಲು ತೆರೆದಾಯಿತು. ಒಳಗೆ ಕಾಲಿಡಬೇಕಾದವರು ನಾವು.

ಕಾಲಿಡದಿದ್ದರೆ ಆಗುವ ನಷ್ಟವೇನು? ಕಾರ್ಕಳದ ಮೂಡಣ ಗ್ರಾಮಗಳವರನ್ನು ಕೇಳಿರಿ. ಯು. ಆರ್. ರಾಯರ ತರುವಾಯ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದ ಡಾ. ಕಸ್ತೂರಿರಂಗನ್ ಅವರ ಸಮಿತಿಯು 2013ರಲ್ಲಿ ಉಪಗ್ರಹ ಚಿತ್ರಗಳನ್ನು ಆಧಾರವಾಗಿಟ್ಟು ಪಶ್ಚಿಮ ಘಟ್ಟಗಳನ್ನು ವಿಂಗಡಿಸಿತು. ಯಾವ ಗ್ರಾಮದಲ್ಲಿ ಸ್ವಾಭಾವಿಕ ಭೂದೃಶ್ಯವು ಶೇಕಡಾ 20 ಅಥವಾ ಅದಕ್ಕೆ ಮಿಕ್ಕಿ ಇದೆಯೋ ಅದು ಪರಿಸರ ಸೂಕ್ಷ್ಮ ಪ್ರದೇಶವಾಗಬೇಕೆಂದಿತು. 2014ರಿಂದ ಈಚೆಗೆ ಕರಡು ಅಧಿಸೂಚನೆಗಳು ಮತ್ತೆ ಮತ್ತೆ ಹೊರಟಿವೆ. ನಮ್ಮ ಜಿಲ್ಲೆಯ ಘಟ್ಟದಡಿಯ ಗ್ರಾಮಗಳೂ ಪಟ್ಟಿಯಲ್ಲಿವೆ. ಅಡಿಕೆಯ ತೋಟವನ್ನೂ ರಬ್ಬರಿನ ತೋಟವನ್ನೂ ಕಾಡೆಂದು ಎಣಿಸಿದ್ದಾರೆಂದು ಕೃಷಿಕರ ಅಳಲು. ಕಾಡು ಉಳಿಯದಿದ್ದರೆ ನೀರೇ ಉಳಿಯದೆಂದು ಪರಿಸರವಾದಿಗಳ ವಾದ. ಇದರಲ್ಲಿ ಯಾರದು ಸರಿಯೆಂದು ತೀರ್ಮಾನಿಸಲು ಈ ಲೇಖನವು ಸ್ಥಳವಲ್ಲ. ನಾವು ಕಂಡುದು ಇಷ್ಟೇ: ಸಭೆಗಳಲ್ಲಿ ನೂರಾರು ಜನರು ನಕಾಶೆಯ ವಿಷಯವಾಗಿ ಕೂಗಿದರು, ನಕಾಶೆಯನ್ನು ಬಿಡಿಸಿ ತನ್ನ ಸರ್ವೇ ನಂಬ್ರವನ್ನು ತೋರಿಸಿ, ಇಲ್ಲಿ ತೋಟವಿದೆ, ಇಲ್ಲಿ ಕಾಡಿದೆ ಎಂದು ಹೇಳಿದವರು ಬೆರಳೆಣಿಕೆಯಷ್ಟು. ಪರವಾಗಿ ಮಾತಾಡಿದವರಲ್ಲಿಯೂ ನಕಾಶೆಯನ್ನು ಓದಿದವರು ಹೆಚ್ಚೇನೂ ಇರಲಿಲ್ಲ.

ಕಡಲಕರೆಯ ಸ್ಥಿತಿಯೂ ಹಾಗೆಯೇ. 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. 2019ರಲ್ಲಿ ಅವು ಹೊಸದಾಗಿ ಹೊರಟವು. ಉಬ್ಬರದ ಗೆರೆಯು ನಕಾಶೆಯಲ್ಲಿ ಎಲ್ಲಿ ಹಾಯುವುದೋ ಅದರ ಮೇಲೆ ಮೀನುಗಾರನ ಮನೆ ನಿಲ್ಲುವುದೋ ನಿಲ್ಲದೋ ಎಂಬುದು ನಿಂತಿದೆ. 2020ರ ಸೆಪ್ಟೆಂಬರ್ 20ರಂದು ಸುವರ್ಣೆಯು ಉಕ್ಕಿ ಬಂದು ಉಡುಪಿಯ ತಗ್ಗುಪ್ರದೇಶಗಳು ಮುಳುಗಿದುದನ್ನು ವಾಚಕರು ಮರೆತಿರಲಾರರು. ಕಲ್ಸಂಕದಲ್ಲಿಯೂ ಬೈಲಕೆರೆಯಲ್ಲಿಯೂ ನೀರು ಏಕೆ ನಿಲ್ಲುತ್ತದೆ? ಇಂದ್ರಾಳಿಯ ಕಡೆಯಿಂದ ಇಳಿದುಬರುವ ಇಂದ್ರಾಣಿಯ ಹಾದಿಯನ್ನು ಗೋಳದ ಮೇಲೆ ಹಿಡಿದು ನಡೆದು, ಇಪ್ಪತ್ತು ವರ್ಷಗಳ ಹಿಂದಿನ ಚಿತ್ರದಲ್ಲಿ ಗದ್ದೆಯಿದ್ದ ಕಡೆ ಈಗ ಏನಿದೆಯೆಂದು ನೋಡಿದರೆ ಹತ್ತನೆಯ ತರಗತಿಯ ಹುಡುಗಿಯೂ ಉತ್ತರ ಹೇಳುವಳು. ಆ ಉತ್ತರವು ಪುರಪಿತೃಗಳಿಗೆ ರುಚಿಸದಿದ್ದೀತು. ಅದು ಬೇರೆ ಮಾತು.

ಸಾಧನದ ಕೊರತೆಗಳು

ಇದರಲ್ಲಿ ದೋಷಗಳಿಲ್ಲವೆಂದು ಹೇಳಿದರೆ ವಾಚಕರನ್ನು ವಂಚಿಸಿದಂತಾಗುವುದು. ಮೊದಲನೆಯದಾಗಿ, ಈ ಭೂದರ್ಶನದಲ್ಲಿ ನಮ್ಮ ಮಳೆಗಾಲವೇ ಇಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ ಮುಸುಕಿರುವುದರಿಂದ, ತೋರಿಸಿರುವ ಚಿತ್ರಗಳೆಲ್ಲ ಬಹುಮಟ್ಟಿಗೆ ಬೇಸಗೆ ಚಳಿಗಾಲಗಳವು. ಆಟಿಯ ತಿಂಗಳ ಹಸುರು, ತುಂಬಿದ ಬೈಲು, ಕೆಂಪಾಗಿ ಹರಿಯುವ ಹೊಳೆ, ಇವುಗಳಲ್ಲಿ ಯಾವುದೂ ಅಲ್ಲಿ ಕಾಣದು. ಒಣಗಿದ ಪದವು ಮಾತ್ರ ಕಾಣುವುದು. ಮೋಡವನ್ನು ತೂರಿ ನೋಡುವ ರೇಡಾರ್ ಉಪಗ್ರಹಗಳನ್ನು, 2012ರ ರಿಸ್ಯಾಟ್-1 ಸೇರಿದಂತೆ, ನಮ್ಮವರು ಹಾರಿಸಿರುವರಾದರೂ ಅವುಗಳ ಚಿತ್ರವು ಮಕ್ಕಳು ನೋಡಿ ಗುರುತಿಸುವಂಥದಲ್ಲ. ತೆಂಗಿನ ತೋಟದ ನೆರಳಿನಡಿಯ ಮನೆಯೂ ದೈವದ ಬನದ ಕಾಲುಹಾದಿಯೂ ಉಪಗ್ರಹಕ್ಕೆ ಕಾಣವು. ಇವನ್ನು ಮಗುವೇ ನಡೆದು ನೋಡಿ ನಕಾಶೆಗೆ ತುಂಬಬೇಕು.

ಎರಡನೆಯದು ಹೆಸರುಗಳ ಅನಾಹುತ. ಆಂಗ್ಲರು ತಮ್ಮ ನಾಲಿಗೆಗೆ ಒಗ್ಗಿದಂತೆ ಬರೆದ ಅಕ್ಷರಗಳನ್ನು ಯಂತ್ರವು ಮತ್ತೆ ಕನ್ನಡಕ್ಕೆ ತಿರುಗಿಸುವಾಗ ನಮ್ಮ ಊರುಗಳು ನಮಗೇ ಗುರುತು ಸಿಗದಂತಾಗುವವು. ಒಂದು ನಕಾಶೆಯಲ್ಲಿ ನಾವು ನಮ್ಮದೇ ಕಾಪುವನ್ನು 'ಕೌಪ್' ಎಂದು ಓದಿಕೊಳ್ಳಬೇಕಾಯಿತು. ಮೂರನೆಯದಾಗಿ, ಈ ಸಾಧನವು ಬಲು ಸುಲಭ. ಬೆರಳಿನಿಂದ ತಳ್ಳಿ ಜಗತ್ತನ್ನು ಸುತ್ತಿದ ಮಗುವಿಗೆ, ಒಂದು ಮೈಲಿ ನಡೆಯದೆಯೇ, ತಾನು ಎಲ್ಲವನ್ನೂ ಬಲ್ಲೆನೆಂಬ ಹಮ್ಮು ಬಂದೀತು. ನಾಲ್ಕನೆಯದು ಪರೀಕ್ಷೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಭಾರತದ ಹೊರಗೆರೆಯನ್ನು ಬರೆದು ಸ್ಥಳಗಳನ್ನು ಗುರುತಿಸುವುದೇ ನಕಾಶೆಯ ಪಾಠದ ಮುಕ್ತಾಯ. ಊರಿನ ನಕಾಶೆಯನ್ನು ಕುರಿತು ಯಾರೂ ಕೇಳುವುದಿಲ್ಲವಾದ್ದರಿಂದ ಯಾರೂ ಕಲಿಸುವುದಿಲ್ಲ. ದೂರಸಂವೇದನೆಯನ್ನೂ ಭೂನಕಾಶೆಯನ್ನೂ ಕುರಿತ ಪಾಠಗಳು ಎನ್.ಸಿ.ಇ.ಆರ್.ಟಿ.ಯ ಹನ್ನೊಂದು ಹನ್ನೆರಡನೆಯ ತರಗತಿಗಳ ಪುಸ್ತಕಗಳಲ್ಲಿರುವವು. ಆದರೆ ಅಲ್ಲಿಗೆ ತಲಪುವ ಹೊತ್ತಿಗೆ ಭೂಗೋಳವನ್ನು ಆರಿಸಿಕೊಂಡ ವಿದ್ಯಾರ್ಥಿಗಳು ಉಳಿದಿರುವುದೇ ಸ್ವಲ್ಪ.

ಆಗಬೇಕಾದುದು

ಆದುದರಿಂದ ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಪ್ರತಿಯೊಂದು ಹಿರಿಯ ಪ್ರಾಥಮಿಕ ಶಾಲೆಗೂ ಹೊಸ ಯಂತ್ರಗಳನ್ನು ಕೊಳ್ಳುವ ದೊಡ್ಡ ಮಾತು ಬೇಡ. ಬೀಗ ಹಾಕಿದ ಕೋಣೆಗಳಲ್ಲಿ ಧೂಳು ತಿನ್ನುತ್ತಿರುವ ಯಂತ್ರಗಳನ್ನು ನಾವು ಕಂಡಿದ್ದೇವೆ. ಉಪಾಧ್ಯಾಯರಿಗೆ ಎರಡು ದಿನಗಳ ಶಿಕ್ಷಣವನ್ನು ಕನ್ನಡದಲ್ಲಿ ಕೊಡಿಸಿರಿ. ಅಂತರ್ಜಾಲವಿಲ್ಲದ ಶಾಲೆಗಳಿಗೆ ಆಯಾ ಗ್ರಾಮದ ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಅಚ್ಚುಹಾಕಿಸಿ ಗೋಡೆಗೆ ಅಂಟಿಸಿರಿ; ಮಕ್ಕಳು ಅದರ ಮೇಲೆ ಬಾವಿ, ತೋಡು, ಬನ, ಸಂಕ, ಕಟ್ಟೆಗಳನ್ನು ತಾವೇ ಗುರುತಿಸಲಿ. ರಾಜ್ಯದ ಭೂಮಾಪನ ಇಲಾಖೆಯ 'ದಿಶಾಂಕ್' ಎಂಬ ಮೊಬೈಲ್ ನಕಾಶೆಯಲ್ಲಿ ನಿಂತ ನೆಲದ ಸರ್ವೇ ನಂಬ್ರವು ಕಾಣುತ್ತದೆ. ಎಂಟನೆಯ ತರಗತಿಯ ಮಗುವು ಅದನ್ನು ಓದಲು ಕಲಿತರೆ ಮನೆಯ ಹಿರಿಯರಿಗೂ ಉಪಕಾರವಾದೀತು. ಮತ್ತು ಪರೀಕ್ಷೆಯಲ್ಲಿ ಒಂದೇ ಒಂದು ಪ್ರಶ್ನೆಯಾದರೂ ವಿದ್ಯಾರ್ಥಿಯ ಸ್ವಂತ ತಾಲೂಕಿನ ನಕಾಶೆಯನ್ನು ಕುರಿತದ್ದಾಗಿರಲಿ.

ಮಣಿಪಾಲದ ವಿದ್ಯಾಸಂಸ್ಥೆಗಳಲ್ಲಿಯೂ ಒಂದು ಮಾತನ್ನು ಅರಿಕೆ ಮಾಡುತ್ತೇವೆ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ವೈದ್ಯಕೀಯ ಕಾಲೇಜನ್ನು ತೆರೆದಾಗ ಆ ಗುಡ್ಡವು ಬೋಳಾಗಿತ್ತು. 1957ರಲ್ಲಿ ತಾಂತ್ರಿಕ ವಿದ್ಯಾಲಯವೂ ಬಂತು. ಇಂದು ಆ ಗುಡ್ಡದ ಮೇಲೆ ಉಪಗ್ರಹ ಚಿತ್ರಗಳನ್ನು ಓದಬಲ್ಲ ವಿದ್ವಾಂಸರುಂಟು, ದೇಶವಿದೇಶಗಳ ವಿದ್ಯಾರ್ಥಿಗಳುಂಟು. ಗುಡ್ಡದ ಕೆಳಗಿನ ಕನ್ನಡ ಶಾಲೆಗೆ ತಿಂಗಳಿಗೊಮ್ಮೆ ಇಬ್ಬರು ವಿದ್ಯಾರ್ಥಿಗಳು ಇಳಿದುಬಂದು ಒಂದು ಪಾಠವನ್ನು ತೋರಿಸಿದರೆ ಅವರಿಗೇನೂ ನಷ್ಟವಾಗದು. ಕೋಟದ ಶಿವರಾಮ ಕಾರಂತರು 'ಬಾಲಪ್ರಪಂಚ'ವನ್ನೂ 'ವಿಜ್ಞಾನ ಪ್ರಪಂಚ'ವನ್ನೂ ಕನ್ನಡದ ಮಕ್ಕಳಿಗೂ ಜನರಿಗೂ ಬರೆದುಕೊಟ್ಟ ಜಿಲ್ಲೆಯಿದು. ಒಬ್ಬರೇ ಅಷ್ಟು ಮಾಡಿದ ನಾಡಿನಲ್ಲಿ ಸಂಸ್ಥೆಗಳು ಇಷ್ಟಾದರೂ ಮಾಡಬಾರದೇ? ಊರುಗಳ ಹೆಸರುಗಳನ್ನು ಸರಿಯಾದ ಕನ್ನಡದಲ್ಲಿ ಬರೆದು ಸೇರಿಸುವ ಕಾರ್ಯವನ್ನು ಹೈಸ್ಕೂಲಿನ ಮಕ್ಕಳೇ ಒಂದು ಬೇಸಗೆಯ ರಜೆಯಲ್ಲಿ ಮಾಡಿ ಮುಗಿಸಬಲ್ಲರು.

ಭುವನ್ ಒಳ್ಳೆಯದೋ ಪರದೇಶದ ಗೋಳ ಒಳ್ಳೆಯದೋ ಎಂದು ನಮ್ಮನ್ನು ಕೇಳುವವರುಂಟು. ಚಿತ್ರದ ಸೊಗಸಿನಲ್ಲಿಯೂ ವೇಗದಲ್ಲಿಯೂ ಪರದೇಶದ್ದು ಮುಂದಿದೆಯೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಆದರೆ ಅದು ಒಬ್ಬ ವ್ಯಾಪಾರಿಯ ಅಂಗಡಿ. ಇಂದು ಉಚಿತವಾದುದು ನಾಳೆಯೂ ಉಚಿತವಾಗಿರುವುದೆಂಬ ಭರವಸೆಯಿಲ್ಲ. ಆದುದರಿಂದ ಎರಡನ್ನೂ ಬಳಸಿರಿ, ನಮ್ಮದನ್ನು ಬಳಸಿ ಅದರ ಕೊರತೆಗಳನ್ನು ದೂರಿ ತಿದ್ದಿಸಿರಿ ಎಂಬುದೇ ನಮ್ಮ ಸಲಹೆ. ಬಳಸದೆ ಬಿಟ್ಟ ಸ್ವದೇಶಿ ವಸ್ತು ಎಂದಿಗೂ ಉತ್ತಮವಾಗಲಾರದು.

ಕಾಪುವಿನ ಆ ಶಾಲೆಯಿಂದ ನಾವು ಹೊರಡುವ ಹೊತ್ತಿಗೆ ಪಾಠವು ಮುಗಿದಿತ್ತು. ಉಪಾಧ್ಯಾಯಿನಿಯವರು ಮಕ್ಕಳನ್ನು ಕಡಲಕರೆಗೆ ಕರೆದುಕೊಂಡು ಹೋಗಿ, ದಾರದ ಉಂಡೆಯೊಂದನ್ನು ಆ ಹುಡುಗನ ಕೈಗೆ ಕೊಟ್ಟಿದ್ದರು. ತಡೆಗೋಡೆಯ ಕಲ್ಲಿನಿಂದ ನೀರಿನ ಅಂಚಿನವರೆಗೆ ಎಷ್ಟು ಗಜವೆಂದು ಅವರು ಅಳೆಯುತ್ತಿದ್ದರು. ಚಿತ್ರದಲ್ಲಿ ಯಂತ್ರವು ಹೇಳಿದ ಸಂಖ್ಯೆಯೊಂದು ಕಾಪಿ ಪುಸ್ತಕದಲ್ಲಿತ್ತು; ಅದರ ಕೆಳಗೆ ಈ ದಿನದ ಸಂಖ್ಯೆಯನ್ನು ಬರೆದು, ಮುಂದಿನ ವರ್ಷದ ತರಗತಿಯವರಿಗೆಂದು ಒಂದು ಸಾಲನ್ನು ಖಾಲಿ ಬಿಟ್ಟರು. ಆ ಖಾಲಿ ಸಾಲನ್ನು ಪ್ರತಿವರ್ಷವೂ ತುಂಬಲು ಮಕ್ಕಳು ಆ ಶಾಲೆಯಲ್ಲಿ ಇರುವಂತೆ ನೋಡಿಕೊಳ್ಳುವುದು ಊರವರ ಕರ್ತವ್ಯ. ತುಂಬಿದ ಸಾಲುಗಳನ್ನು ಓದಿ ನೋಡುವುದು ಅಧಿಕಾರಿಗಳ ಕರ್ತವ್ಯ.